ಒಬ್ಬಳಿಗೆ ಸಾರು

ಊಟ ಮುಗಿಸಿ ಸಾರಿನ ಪಾತ್ರೆ ತೊಳೆಯಹೊರಟ ಚೆನ್ನಾಜಮ್ಮನ ಕೈ ತಡೆಯಿತು. ಪಾತ್ರೆಯಲ್ಲಿ ಒಂದು ಸೌಟೂ ಮಿಕ್ಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಇವತ್ತೇ ಮೊದಲು ಅಳತೆ ಸರಿಯಾಗಿ ಒಬ್ಬಳಿಗೇ ಕೂತಿತ್ತು: ಒಂದು ಹಿಡಿ ಬೇಳೆ, ಅಡಿಕೆ ಗಾತ್ರದ ಹುಣಸೆಹಣ್ಣು, ಒಂದು ಚಮಚ ಸಾರಿನ ಪುಡಿ.

ಅರಸೀಕೆರೆಯ ಗೆಳತಿ ತಿಮ್ಮಾಜಮ್ಮನೂ ಈಗ ಒಂಟಿ. ಹೊಸ ಅಡುಗೆ ಕಲಿತರೆ ಇಬ್ಬರೂ ಕಾಗದ ಬರೆದು ತಿಳಿಸಿಕೊಳ್ಳುತ್ತಿದ್ದರು. 'ಒಬ್ಬಳಿಗೆ ಸಾರು ಮಾಡೋದು ಹೆಂಗೆ, ಬರಿ' ಎಂದು ಅವಳು ಕೇಳಿ ವರ್ಷವಾಗಿತ್ತು. ತನಗೇ ತಿಳಿಯದ್ದನ್ನು ಏನೆಂದು ಬರೆಯುವುದು ಎಂದು ಚೆನ್ನಾಜಮ್ಮ ಸುಮ್ಮನಿದ್ದಳು.

ಪಕ್ಕದ ಮನೆಯ ಸೊಸೆ ಎಂದಿನಂತೆ ಬಟ್ಟಲು ಹಿಡಿದು ಬಂದಳು. "ಅಜ್ಜಿ, ಸಾರೈತಾ?"

"ಇಲ್ಲ ಕಣವ್ವ. ಇವತ್ತು ನಂಗೇ ಸರಿಹೋಯ್ತು."

"ಹಂಗಾರೆ ನಮ್ಮತ್ತೆ ಇವತ್ತು ನನ್ ಸಾರೇ ಉಣ್ಣಬೇಕು, ಪಾಪ." ದಿನವೂ ಅಡುಗೆಮನೆಯಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದವಳು ನಗುತ್ತ ಹೊಸಿಲಿನಿಂದಲೇ ತಿರುಗಿದಳು.

ಚೆನ್ನಾಜಮ್ಮ ಖಾಲಿ ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ಒಂದು ಕಾರ್ಡಿನಲ್ಲಿ ಬರೆದಳು: 'ತಿಮ್ಮಾಜಿ, ಒಬ್ಬಳಿಗೆ ಅಂತ ಮಾಡಬೇಡ ಕಣೆ. ಎರಡು ಹಿಡಿ ಬೇಳೆ ಹಾಕು. ಮಿಕ್ಕಿದ್ದನ್ನ ಕೇಳ್ಕೊಂಡು ಯಾರಾದ್ರೂ ಬರ್ತಾರೆ.'

ತನ್ನೂರು ಹಗರೆಯ ಬಸ್ ನಿಲ್ದಾಣದವರೆಗೂ ನಡೆದು, ಕಾರ್ಡನ್ನು ತಾನೇ ಅಂಚೆ ಡಬ್ಬಿಗೆ ಹಾಕಿದಳು.