ಉದ್ದ ಮೂತಿಯ ಪ್ಲಗ್

ಅಮ್ಮ ಚಿಕ್ಕವಳಿಗೆ ಎರಡನೇ ಜಡೆ ಹೆಣೆಯುತ್ತಿರುವಾಗಲೇ ಅಪ್ಪ ಗ್ಯಾರೇಜಿನಿಂದ ಕೂಗಿದ. “ಪುಟ್ಟೀ, ಒರೆಸೋ ಬಟ್ಟೆ ತಗೊಂಡ್ ಬಾ!” ಅರ್ಧ ಜಡೆಯಲ್ಲೇ ಅವಳು ಓಡಿದಳು.

ರೇಸ್ ಕಾರಿನ ಬಾನೆಟ್ ತೆರೆದಿತ್ತು. ಅಕ್ಕನ ಅಂಗೈಯಲ್ಲಿ ಎರಡು ಬಗೆಯ ಸ್ಪಾರ್ಕ್ ಪ್ಲಗ್‌ಗಳಿದ್ದವು. ಒಂದರ ಮೂತಿ ಗಿಡ್ಡ, ಇನ್ನೊಂದರದು ಉದ್ದ. “ಉದ್ದದ್ದೇ ಹಾಕೋಣ ಅಪ್ಪ. ಕಿಡಿ ಒಳಗಿನವರೆಗೂ ಹೋಗುತ್ತೆ, ಪೆಟ್ರೋಲ್ ಚೆನ್ನಾಗಿ ಉರಿಯುತ್ತೆ.”

“ನೋಡಿದ್ಯಾ ಪುಟ್ಟಿ, ನಮ್ಮನೆ ಇಂಜಿನಿಯರಮ್ಮನ್ನ!” ಅಪ್ಪ ಅಕ್ಕನ ಬೆನ್ನು ತಟ್ಟಿ, ಅವಳು ಹೇಳಿದ ಪ್ಲಗ್‌ಗಳನ್ನೇ ಕೂರಿಸಿದ. ಚಿಕ್ಕವಳಿಗೆ ಹೊಟ್ಟೆ ಉರಿಯಿತು. ಆರಿಸುವ ಕೆಲಸ ಯಾವಾಗಲೂ ಅಕ್ಕನದು, ಒರೆಸುವ ಕೆಲಸ ತನ್ನದು. ಆದರೆ ನಿನ್ನೆ ಇಂಜಿನ್ನಿಗೆ ಕೂರಿಸುವ ಮುಂಚೆ ಹೊಸ ಪಿಸ್ಟನ್‌ಗಳನ್ನು ಒಂದೊಂದಾಗಿ ಒರೆಸಿಕೊಟ್ಟವಳೂ ಅವಳೇ. ಅವುಗಳ ನೆತ್ತಿ ಹಳೆಯವುಗಳಿಗಿಂತ ತುಂಬ ಉಬ್ಬಿತ್ತು. ಅಕ್ಕ ಅದನ್ನು ನೋಡಿರಲಿಲ್ಲ. ಅಪ್ಪನಿಗೆ ಸಡಗರದಲ್ಲಿ ಮರೆತಿರಬೇಕು. ತಾನು ಸುಮ್ಮನಿದ್ದರೆ ಸಾಕು. ಕೀ ತಿರುಗಿಸಿದ ಕೂಡಲೇ ಇಂಜಿನ್ ಟಕ್ಕೆಂದು ನಿಂತುಬಿಡುತ್ತದೆ, ನಾಳೆಯ ರೇಸೂ ಹೋಗುತ್ತದೆ. ಆಗ ನೋಡಬೇಕು ಇಂಜಿನಿಯರಮ್ಮನ ಮುಖವನ್ನು!

ಅಪ್ಪ ಕಾರಿನೊಳಗೆ ಕೂತು ಜೇಬಿನಲ್ಲಿ ಕೀ ಹುಡುಕತೊಡಗಿದ. ಚಿಕ್ಕವಳು ತುಟಿ ಬಿಗಿದು ನಿಂತಳು. ಅಷ್ಟರಲ್ಲಿ ಅಕ್ಕ ಇತ್ತ ತಿರುಗಿದಳು. “ಅಯ್ಯೋ, ಇದೇನೇ ನಿನ್ನ ಅವತಾರ? ಹಿಂಗೇ ಸ್ಕೂಲಿಗೆ ಹೋಗ್ತೀಯಾ?” ಎನ್ನುತ್ತ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಿಚ್ಚಿಹೋಗುತ್ತಿದ್ದ ಜಡೆಯನ್ನು ಹೆಣೆಯತೊಡಗಿದಳು. ಕೊನೆಗೆ ತನ್ನದೇ ರಬ್ಬರ್ ಬ್ಯಾಂಡ್ ಕಿತ್ತು ಕಟ್ಟಿದಳು.

“ಅಪ್ಪಾ, ತಡಿ!” ಕೀ ತಿರುಗಿಸಹೊರಟ ಅಪ್ಪನ ಕೈಯನ್ನು ಚಿಕ್ಕವಳು ಹಿಡಿದಳು. “ಹೊಸ ಪಿಸ್ಟನ್ ಮೇಲೆ ಬಂದಾಗ ಆ ಉದ್ದ ಮೂತಿಗೆ ಬಡಿಯಲ್ವಾ?”