ಎಡ ಮೊಣಕಾಲು

ಸಹಿ ಹಾಕುವಾಗ ಚೆಲುವರಾಜು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದ. ಅಗ್ರಹಾರದ ತನ್ನ ತಂಡದವರು ಯಾರಾದರೂ ಕಂಡರೆ ಮಾನ ಹೋಯಿತು. ಅಗ್ರಹಾರದವರು ಮೇಟಗಳ್ಳಿಯ ಬೋಲ್ಟ್ ಕಾರ್ಖಾನೆಗೆ ಯಾಕಾದರೂ ಬರುತ್ತಾರೆ ಎಂದು ಕೇಳಬೇಡಿ. ಅವನಿಗೆ ಅಳುಕಿತ್ತು, ಅಷ್ಟೆ.

"ಇಲ್ಲಿ ಸಹಿ ಬಿದ್ದ ಮೇಲೆ ಈ ವರ್ಷ ಬೇರೆ ಯಾವ ತಂಡಕ್ಕೂ ಆಡೋ ಹಾಗಿಲ್ಲ. ಗೊತ್ತಲ್ಲ?" ಎಂದರು ರುದ್ರಸ್ವಾಮಿ. ಕಾರ್ಖಾನೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಟಗಾರರನ್ನು ತರುವ ಹೊಣೆ ಅವರದು.

"ಗೊತ್ತು ಸಾರ್."

"ನಿಮ್ಮ ಮೇಷ್ಟ್ರಿಗೆ ಹೇಳಿದ್ಯಾ?"

"ಯಾವ ಮುಖ ಇಟ್ಕಂಡು ಹೇಳ್ಲಿ ಸಾರ್?"

"ಹೇಳ್ಬೇಡ ಬಿಡು. ಅವರ ಚಿಂತೆ ನಿನಗೆ ಬೇಡ."

ಜವಾನ ಕಾಫಿ ತಂದಿಟ್ಟ. ಬೆಲ್ಲದ ಕಾಫಿ. ಚೆಲುವರಾಜು ಸಕ್ಕರೆ ಹಾಕಿದ ಕಾಫಿ ಮುಟ್ಟುವವನಲ್ಲ, ಆದರೆ ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಒಬ್ಬ ಆಟಗಾರನನ್ನು ಹಿಡಿಯುವ ಮುಂಚೆ ಇವರು ಏನೆಲ್ಲ ವಿಚಾರಿಸಿಕೊಳ್ಳುತ್ತಾರಪ್ಪ ಎಂದು ಅವನ ಎದೆ ಉಬ್ಬಿತು.

ಅರವತ್ತಮೂರರ ಆ ದಸರಾಕ್ಕೆ ಕಾರ್ಖಾನೆ ಕೈಬಿಚ್ಚಿ ಖರ್ಚು ಮಾಡಿತ್ತು. ಬೆಂಗಳೂರಿನಿಂದ ಬಾಗಿಲಿಗೆ ತಲೆ ತಗ್ಗಿಸಿ ಬರುವಂಥ ಒಬ್ಬ ಉದ್ದನೆಯವನು, ಕೋಲಾರದಿಂದ ದೂರದಿಂದಲೇ ಗುರಿಯಿಟ್ಟು ಬುಟ್ಟಿಗೆ ಹಾಕುವವನು. ಎಲ್ಲರಿಗೂ ಕಾಯಂ ಕೆಲಸ, ಕ್ಯಾನ್‌ವಾಸ್ ಬೂಟು, ಹಾಲು, ಮೊಟ್ಟೆ. ಚೆಲುವರಾಜುವಿಗೂ ಸ್ಟೋರ್ಸ್‌ನಲ್ಲಿ ಕೆಲಸವಾಯಿತು. ಓಡಿ ತೋರಿಸು, ಹಾರಿ ತೋರಿಸು ಎಂದು ಯಾರೂ ಕೇಳಲಿಲ್ಲ. ಡಾಕ್ಟರ ಬಳಿಗೂ ಕಳಿಸಲಿಲ್ಲ. "ಅಭ್ಯಾಸಕ್ಕೆ ಯಾವಾಗ ಬರ್ಲಿ?" ಎಂದರೆ, "ನಿನ್ನ ಆಟ ನಮಗೆ ಗೊತ್ತಿಲ್ವೇನಯ್ಯ" ಎಂದು ರುದ್ರಸ್ವಾಮಿ ಬೆನ್ನು ತಟ್ಟಿದರು.

ಅವನು ಮನಸ್ಸಿನಲ್ಲೇ ಚಾಮುಂಡಿಗೆ ಕೈಮುಗಿದ. ಎಡ ಮೊಣಕಾಲು ಕೆಟ್ಟು ವರ್ಷವಾಗಿತ್ತು. ಆಟಕ್ಕಿಳಿದರೆ ಇಂದಿಗೂ ಅವನನ್ನು ತಡೆಯುವವರಿಲ್ಲ ನಿಜ, ಆದರೆ ಒಂದು ಆಟ ಆಡಿದರೆ ವಾರವಿಡೀ ಕುಂಟಬೇಕು. ಈ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ರಾಮಸ್ವಾಮಿ ಮೇಷ್ಟ್ರಿಗೆ ಮಾತ್ರ.

ಮೇಷ್ಟ್ರು ಅಗ್ರಹಾರದ ತಂಡ ಕಟ್ಟಿದ ರೀತಿಯೇ ಬೇರೆ. ಕೈಯಲ್ಲಿ ಕಾಸಿರಲಿಲ್ಲ. ಇದ್ದದ್ದು ಒಂದು ಸೈಕಲ್ಲು ಮತ್ತು ಒಳ್ಳೆಯ ಕಣ್ಣು. ಶಾಲೆಯಲ್ಲಿ ಡ್ರಿಲ್ ಮಾಡಿಸಿ, ರಜೆ ಬಂದರೆ ಹಳ್ಳಿಹಳ್ಳಿ ಸುತ್ತುತ್ತಿದ್ದರು. ಹಾಗೆ ಒಮ್ಮೆ ಇಲವಾಲದಲ್ಲಿ ಸೈಕಲ್ ಇಳಿದರು. ಗಾಡಿಯ ಮೇಲೆ ನಿಂತ ಒಬ್ಬ ಹುಡುಗ ಮೆದೆಯ ಮೇಲಿದ್ದವನಿಗೆ ಹುಲ್ಲಿನ ಹೊರೆ ಎಸೆಯುತ್ತಿದ್ದ, ತಿರುಗಿಯೂ ನೋಡದೆ. ಒಂದೂ ತಪ್ಪುತ್ತಿರಲಿಲ್ಲ. "ನಿಮ್ಮ ಮಗನ್ನ ನನಗೆ ಕೊಡಿ ತಾಯಿ" ಎಂದು ಅವನ ಅವ್ವನನ್ನು ಕೇಳಿದರು. ಅಂದಿನಿಂದ ಚೆಲುವರಾಜು ಅಗ್ರಹಾರದ ಆ ಮನೆಯ ಅನ್ನ ತಿಂದೇ ಬೆಳೆದ.

ಹೇಳಿಬಿಡೋಣವೆಂದೇ ಸಹಿ ಹಾಕಿದ ದಿನ ಸಂಜೆ ಅಲ್ಲಿಗೆ ಹೋದ. ನಡುಮನೆಯಲ್ಲಿ ಹೊಸ ರೇಡಿಯೋ ಹಾಡುತ್ತಿತ್ತು.

"ಅಳಿಯಂದಿರು ಕೊಡಿಸಿದ್ರು" ಎಂದರು ಮೇಷ್ಟ್ರು, ಅವನು ಕೇಳುವ ಮುಂಚೆಯೇ.

ಅವರ ಹೆಂಡತಿ ಸುಂದರಮ್ಮ ಅವನಿಗೆ ಮುಖ ಕೊಡದೆ ಒಳಗೆ ಹೋದರು. ಕಣ್ಣು ಕೆಂಪಗಿತ್ತು. ಈ ತಾಯಿಗೆ ನನ್ನ ವಿಷಯ ತಿಳಿದುಹೋಗಿದೆ ಎಂದು ಅವನು ಕುಗ್ಗಿಹೋದ.

ಮೇಷ್ಟ್ರು ಎಂದಿನಂತೆ ಹರಳೆಣ್ಣೆ ಬೆಚ್ಚಗೆ ಮಾಡಿ ಅವನ ಮೊಣಕಾಲು ನೀವತೊಡಗಿದರು. "ಇಪ್ಪತ್ತು ವರ್ಷ ಆಯ್ತು ಕಣೋ, ದಸರಾ ಕಪ್ಪು ಒಂದು ಸಲಾನೂ ಮುಟ್ಟಿಲ್ಲ. ಈ ಸಲ ಮುಟ್ಟೇ ಮುಟ್ತೀನಿ."

ಚೆಲುವರಾಜು ಅವರ ಕೈ ಹಿಡಿದುಕೊಂಡ. "ಏನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸ್ಬುಡಿ ಮೇಷ್ಟ್ರೇ."

"ನೀನೂ ಅಷ್ಟೇ ಕಣೋ" ಎಂದು ಮೇಷ್ಟ್ರು ನಕ್ಕರು.

ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡು ಎದ್ದುಬಂದ. ಅನ್ನ ಇಟ್ಟ ಕೈಗೇ ದ್ರೋಹ ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ದಸರಾ ಪಂದ್ಯಾವಳಿಯ ಕೊನೆಯ ಆಟಕ್ಕೆ ಉಳಿದದ್ದು ಅವೇ ಎರಡು ತಂಡ. ಚೆಲುವರಾಜು ಕಾರ್ಖಾನೆಯ ನೀಲಿ ಜರ್ಸಿ ತೊಟ್ಟು ಡೇರೆಯ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಎದುರುಗಡೆ ಮೇಷ್ಟ್ರ ಕುರ್ಚಿ ಖಾಲಿ. ಹಳೆಯ ಜೊತೆಗಾರ ಮರಿಸ್ವಾಮಿ ಹಾದುಹೋಗುವಾಗ ನಿಂತ.

"ನೀನು ಹೋದಾಗಿನಿಂದ ಮೇಷ್ಟ್ರು ಕೋರ್ಟ್ ಕಡೆ ತಲೆ ಹಾಕಿಲ್ಲ. ತೃಪ್ತಿ ಆಯ್ತೇನೋ?"

ಚೆಲುವರಾಜುವಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ತನ್ನನ್ನು ಈ ಜರ್ಸಿಯಲ್ಲಿ ನೋಡಲಾರದೆ ಆ ಜೀವ ಮನೆಯಲ್ಲೇ ಕುಳಿತಿದೆ ಎಂದುಕೊಂಡು ಸಂಕಟಪಟ್ಟ. ಅಗ್ರಹಾರದ ಹುಡುಗರು ತಾಯಿ ಇಲ್ಲದ ಕೋಳಿಮರಿಗಳ ಹಾಗೆ ಚೆದುರಿ ಆಡುತ್ತಿದ್ದರು. ಆದರೂ ಆಟ ಸಮಸಮವಾಗಿಯೇ ನಡೆಯಿತು. ಕಾರ್ಖಾನೆಯವರು ಕೊನೆಯಲ್ಲಿ ಸ್ವಲ್ಪ ಮುಂದೆ ಹೋದರು. ಇವನನ್ನು ಮಾತ್ರ ಯಾರೂ ಕರೆಯಲಿಲ್ಲ.

"ನಾನು ಯಾವಾಗ ಇಳೀಲಿ ಸಾರ್? ಆಟ ಮುಗೀತಾ ಬಂತು."

ರುದ್ರಸ್ವಾಮಿ ಅಂಗಳದ ಮೇಲಿನ ಕಣ್ಣು ಕೀಳಲಿಲ್ಲ. "ನೀನು ಇಳಿಯೋದು ಬೇಡ ಕಣಪ್ಪ. ನೀನು ಆ ಕಡೆ ಇಲ್ವಲ್ಲ, ಅದೇ ನಿನ್ನ ಕೆಲಸ."

"ಅಂಗಂತ ಯಾರು ಹೇಳಿದ್ದು ಸಾರ್?"

"ನಮ್ಮ ಹೊಸ ಕೋಚು. ಈ ತಂಡ ಪೂರ್ತಿ ಆರಿಸಿದ್ದೇ ಅವರು. 'ಅವನ ಮೊಣಕಾಲು ನಮಗೆ ಒಂದು ವರ್ಷವೂ ಬಾಳಲ್ಲ, ಆದರೆ ಎದುರಾಳಿ ಕಡೆ ಬಿಟ್ರೆ ನಮ್ಮನ್ನ ಸೋಲಿಸೋಕೆ ಒಂದು ಆಟಕ್ಕೆ ಸಾಕು, ತಂದು ಬೆಂಚಲ್ಲಿ ಕೂರಿಸ್ಬಿಡಿ' ಅಂದ್ರು."

ಸೀಟಿ ಮೊಳಗಿತು. ಕಾರ್ಖಾನೆ ಗೆದ್ದಿತ್ತು. ಬೆಳ್ಳಿಯ ಕಪ್ಪು ಡೇರೆಯ ಮುಂದಕ್ಕೆ ಬಂತು. ರುದ್ರಸ್ವಾಮಿ ಹಿಂತಿರುಗಿ ಕೂಗಿದರು. "ಬನ್ನಿ ಸಾರ್, ಇನ್ನೆಂಥ ಸಂಕೋಚ!"

ಡೇರೆಯ ಪರದೆ ಸರಿಸಿ ಹೊರಬಂದ ರಾಮಸ್ವಾಮಿ ಮೇಷ್ಟ್ರು ಎರಡೂ ಕೈಯಲ್ಲಿ ಕಪ್ಪು ಮುಟ್ಟಿದರು, ಆಮೇಲೆ ಬೆಂಚಿನ ಬಳಿ ಬಗ್ಗಿ ಮೆಲ್ಲಗೆ ಕೇಳಿದರು: "ನೋವು ಹೇಗಿದೆಯೋ?"