ಮೂರನೆಯ ಕುರ್ಚಿ

ಹನ್ನೊಂದು ಗಂಟೆಯೊಳಗೆ ಆ ಹುಡುಗಿಯನ್ನು ಇಲ್ಲಿಂದ ಎಬ್ಬಿಸಬೇಕು. ಪುಟ್ಟಿ ಗೋಡೆಯ ಗಡಿಯಾರ ನೋಡಿದಳು. ಹತ್ತೂವರೆ.

ಬೀಜ ಪರೀಕ್ಷಾ ಕೇಂದ್ರದ ಮೊಗಸಾಲೆಯಲ್ಲಿ ಮೂರು ಕುರ್ಚಿ. ಒಂದರಲ್ಲಿ ಪುಟ್ಟಿ, ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿ ನಾಲ್ಕು ವರ್ಷ ಮನೆಯಲ್ಲಿ ಕೂತವಳು. ಇನ್ನೊಂದರಲ್ಲಿ ಅವಳಿಗಿಂತ ಹೆಚ್ಚು ಕಾಲ ಕೂತವನು, ನೆತ್ತಿ ಬೋಳಾದ ಎಂ.ಎಸ್ಸಿ. ಬರುವ ವಾರ ಅವನ ವಯೋಮಿತಿ ಮುಗಿಯುತ್ತದೆ. ಮೂರನೆಯದರಲ್ಲಿ ಆ ಹುಡುಗಿ.

ಸಹಾಯಕರ ಹುದ್ದೆ ಒಂದೇ. ಅರ್ಜಿ ಸಾವಿರದ ಇನ್ನೂರು. ಹನ್ನೊಂದರ ಸಂದರ್ಶನಕ್ಕೆ ಕರೆದದ್ದು ಈ ಮೂವರನ್ನು. ಶೇಕಡಾ ಅರವತ್ತೊಂದು ಅಂಕದ ತನಗೆ ಕರೆ ಹೇಗೆ ಬಂತೆಂದು ಪುಟ್ಟಿ ತಲೆ ಕೆಡಿಸಿಕೊಳ್ಳಲಿಲ್ಲ. ಬಂದ ಭಾಗ್ಯಕ್ಕೆ ಬಾಗಿಲು ಹಾಕುವವರುಂಟೇ?

ಅವಳ ಭಯವೇ ಬೇರೆ. ಅಪ್ಪ ಇದೇ ಕೇಂದ್ರದ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಮೊಳೆಯದ ಬೀಜದ ಚೀಲಗಳಿಗೆ ಉತ್ತಮ ದರ್ಜೆಯ ಮೊಹರು ಒತ್ತಿದ್ದು ತಾನೇ ಎಂದು ಎರಡು ವರ್ಷದ ಹಿಂದೆ ಬರೆದುಕೊಟ್ಟು ಕೆಲಸ ಕಳೆದುಕೊಂಡರು. ಅಂದಿನಿಂದ ಬೀದಿಯಲ್ಲಿ ಅವಳಿಗೆ 'ಜೊಳ್ಳು ಬೀಜದವನ ಮಗಳು' ಎಂದೇ ಹೆಸರು. ಅಂದಿನಿಂದ ಅವಳು ಅಪ್ಪನ ಮುಖ ನೋಡಿ ಮಾತಾಡಿಲ್ಲ.

ಬೆಳಿಗ್ಗೆ ಹೊರಡುವಾಗ ಅಪ್ಪ ಬಾಗಿಲ ಮರೆಯಿಂದಲೇ ಹೇಳಿದ್ದರು. "ಸುಮ್ಮನೆ ಹೋಗಿ ಕೂತು ಬಾ. ನೀನು ಬಾಯಿ ಬಿಡದಿದ್ರೂ ಪರವಾಗಿಲ್ಲ. ಯಾರ ತಂಟೆಗೂ ಹೋಗ್ಬೇಡ."

ಬಾಯಿಸತ್ತವಳು ಎಂದು ಊರು ಆಡಿಕೊಳ್ಳುವುದು ಸಾಲದೆಂದು ಹೆತ್ತವರೂ ಚುಚ್ಚುತ್ತಾರೆ. ಅವಳು ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಇಲ್ಲಿಗೆ ಬಂದರೆ ಜವಾನನದು ಇನ್ನೊಂದು. "ಉಗ್ರಾಣದ ಯಜಮಾನ್ರ ಮಗಳಲ್ವೇನಮ್ಮ? ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಹೆದರಬೇಡಿ, ಎಲ್ಲಾ ಸರಿಹೋಗುತ್ತೆ." ಅದೂ ಮೊಗಸಾಲೆಗೆಲ್ಲ ಕೇಳುವಂತೆ. ಅವಳ ಕಿವಿ ಬಿಸಿಯಾಯಿತು.

ಆ ಹುಡುಗಿಯ ತೊಡೆಯ ಮೇಲೆ ಕಡತವಿಲ್ಲ, ಅಂಕಪಟ್ಟಿಯಿಲ್ಲ. ಹತ್ತು ಗಂಟೆಗೆ ಎದ್ದು ನಿರ್ದೇಶಕರ ಕೋಣೆಗೆ ಬಾಗಿಲು ತಟ್ಟದೆ ಹೋದಳು. ಬಿಸ್ಕತ್ತು ಕಡಿಯುತ್ತಾ ಹೊರಬಂದಳು.

"ಸಾಹೇಬ್ರು ಪರಿಚಯಾನಾ ಮೇಡಂ?" ಬೋಳುನೆತ್ತಿಯವನು ಕೇಳಿದ.

"ನಮ್ಮ ಸೋದರಮಾವ. ನಾಳೆ ನಿವೃತ್ತಿ ಅಲ್ವಾ, ಇದೊಂದನ್ನ ಇವತ್ತೇ ಮುಗಿಸ್ಬೇಕಂತೆ. ಬಾ ಅಂದ್ರು, ಬಂದೆ."

"ಓದ್ಕೊಂಡು ಬಂದಿದ್ದೀರಾ?"

"ಅಯ್ಯೋ, ಯಾಕೆ? ಎಲ್ಲಾ ಮೊದಲೇ ಆಗಿದೆಯಂತಲ್ಲ." ಅವಳು ಆಕಳಿಸಿದಳು.

ಬೋಳುನೆತ್ತಿಯವನು ಪುಟ್ಟಿಯತ್ತ ಬಾಗಿ ನಕ್ಕ. "ನೋಡಿದ್ರಾ ತಂಗಿ? ಇಲ್ಲಿ ನೂರು ಬೀಜದಲ್ಲಿ ಎಂಬತ್ತು ಮೊಳೀಲಿಲ್ಲಾಂದ್ರೆ ಚೀಲಾನೇ ವಾಪಸ್. ನಮ್ಮ ಕಾಲೇಜುಗಳಿಗೆ ಯಾರೂ ಈ ಪರೀಕ್ಷೆ ಮಾಡ್ಲಿಲ್ಲ."

ಪುಟ್ಟಿ ನಗಲಿಲ್ಲ. ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಏಳು ಸಲ ಹೇಳಿಕೊಂಡಳು. ಹುಡುಗಿ ಕೈ ತೊಳೆಯಲು ನಲ್ಲಿಯ ಬಳಿಗೆ ಹೋದಾಗ ಹಿಂದೆಯೇ ಹೋದಳು.

"ನಿಮ್ಮನ್ನ ಕರೆಯೋದು ಮೂರು ಗಂಟೆಗಂತೆ. ಜವಾನ ಹೇಳಿದ."

ಅದು ಅವಳ ಬದುಕಿನ ಮೊದಲ ದೊಡ್ಡ ಸುಳ್ಳು. ನಾಲಿಗೆ ತೊದಲಲಿಲ್ಲ.

"ನಿಜಾನಾ? ಬದುಕಿದೆ! ಕೂತೂ ಕೂತೂ ಬೇರು ಬಿಡ್ತಿದ್ದೆ. ಹಾಗಾದ್ರೆ ಎದುರು ಟಾಕೀಸಲ್ಲಿ ಒಂದು ಆಟ ನೋಡ್ಕೊಂಡು ಬರ್ತೀನಿ." ಹುಡುಗಿ ಫೋನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಹೋಗುವ ಮುಂಚೆ ತಿರುಗಿ, "ನಿಮಗೆ ಒಳ್ಳೇದಾಗ್ಲಿ ಅಕ್ಕ" ಎಂದಳು.

ಹನ್ನೊಂದಕ್ಕೆ ಕೇಂದ್ರ ಕಚೇರಿಯಿಂದ ಬಂದಿದ್ದ ಮಹಿಳಾ ಅಧಿಕಾರಿ ಬಾಗಿಲಿಗೆ ಬಂದರು.

"ಏನಿದು, ಇಬ್ಬರೇನಾ?"

ನಿರ್ದೇಶಕರು ಹೊರಗೆ ಓಡಿ ಬಂದರು. ಮೂರು ಸಲ ಫೋನು ಮಾಡಿದರು. ಜವಾನನನ್ನು ಗೇಟಿಗೆ ಓಡಿಸಿದರು. "ಹತ್ತು ನಿಮಿಷ ಮೇಡಂ" ಎಂದವರು ಅಂಗಿಯ ಕಂಕುಳು ಒದ್ದೆಯಾಗುವವರೆಗೆ ಅದನ್ನೇ ಹೇಳಿದರು.

ಹನ್ನೊಂದೂವರೆಗೆ ಅಧಿಕಾರಿ ಕಡತ ಮುಚ್ಚಿದರು. "ಕನಿಷ್ಠ ಮೂವರು ಹಾಜರಿರಬೇಕು ಅಂತ ನಿಯಮ. ಸಂದರ್ಶನ ರದ್ದು."

"ಮತ್ತೆ ಯಾವಾಗ ಮೇಡಂ?" ಬೋಳುನೆತ್ತಿಯವನು ಎದ್ದು ನಿಂತಿದ್ದ.

"ಹೊಸ ನಿರ್ದೇಶಕರು ಬರ್ಲಿ. ಹುದ್ದೆ ಉಳಿದಿದ್ರೆ ನೋಡೋಣ."

ಅವನು ಮತ್ತೆ ಕೂತ. ಕೂತೇ ಇದ್ದ. ನಿರ್ದೇಶಕರು ಪುಟ್ಟಿಯನ್ನು ಒಂದು ಗಳಿಗೆ ದಿಟ್ಟಿಸಿದರು. ಏನೋ ಹೇಳಹೊರಟು ಅಧಿಕಾರಿಯತ್ತ ನೋಡಿ ಒಳಗೆ ನಡೆದರು. ಸಿಟ್ಟಿರಬೇಕು ಎಂದುಕೊಂಡು ಪುಟ್ಟಿ ತಲೆ ತಗ್ಗಿಸಿದಳು. ನಿಯಮದ ವಿಷಯ ಅವಳಿಗೆ ತಿಳಿದಿರಲಿಲ್ಲ. ಕೆಲಸ ತಪ್ಪಿತು. ಆದರೂ ಎದೆಯೊಳಗೆ ಏನೋ ನೆಟ್ಟಗಾದಂತಿತ್ತು. ತನಗಿಲ್ಲದಿದ್ದರೆ ಹೋಗಲಿ, ಕದ್ದು ಕೊಡುವವರ ಕೈಗೂ ದಕ್ಕಲಿಲ್ಲವಲ್ಲ.

ಮನೆಯಲ್ಲಿ ಅಪ್ಪ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು.

"ಆಯ್ತಾ?"

ಎರಡು ವರ್ಷದ ಮೇಲೆ ಅವಳು ಅಪ್ಪನ ಮುಖ ನೋಡಿ ಮಾತಾಡಿದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು: ಸಾಹೇಬರ ಸೋದರ ಸೊಸೆ, ಬಿಸ್ಕತ್ತು, ಸುಳ್ಳು, ಸಿನಿಮಾ, ರದ್ದು.

"ಮೊದಲೇ ಆಗಿದೆಯಂತೆ! ಅವಳ ಬಾಯಲ್ಲೇ ಬಂತು. ನಾನೇ ಓಡ್ಸಿದೆ ಅಪ್ಪ. ನೀವು ಅಲ್ಲಿ ಮಾಡಿದ ಮೋಸಕ್ಕೆ ನಾನು ಒಂದು ನ್ಯಾಯ ಮಾಡಿ ಬಂದೆ."

ಅಪ್ಪ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದರು.

"ಆ ಹುಡುಗೀಗೆ ಹೋದ ತಿಂಗಳೇ ಬೇರೆ ಕಡೆ ಕೆಲಸ ಆಗಿದೆ. ಮೂವರ ಲೆಕ್ಕ ತುಂಬ್ಲಿ ಅಂತ ಸಾಹೇಬ್ರು ಕರೆಸಿ ಕೂರಿಸಿದ್ರು ಅಷ್ಟೆ" ಎಂದರು. "ಮೊದಲೇ ಆಗಿದ್ದು ನಿನಗೆ, ಪುಟ್ಟಿ, ಸಾಹೇಬ್ರು ಒತ್ತಿದ ಮೊಹರನ್ನ ನಾನೇ ಒತ್ತಿದ್ದು ಅಂತ ಬರ್ಕೊಟ್ಟೆನಲ್ಲ, ಆವತ್ತೇ."